ಐದು ದಿನ ಬಾಳಿದ ಅಧಿಕಾರ: ಓಪನ್‌ಎಐ ಬೋರ್ಡಿನ ಕಥೆ

2023ರ ನವೆಂಬರ್ 17, ಶುಕ್ರವಾರ. ಓಪನ್‌ಎಐ ಸಿಇಒ ಸ್ಯಾಮ್ ಆಲ್ಟ್‌ಮನ್ ಲಾಸ್ ವೇಗಸ್‌ನಲ್ಲಿದ್ದರು. ಗೂಗಲ್ ಮೀಟ್‌ನಲ್ಲಿ ಒಂದು ಕರೆ. ಆ ಕಡೆ ಬೋರ್ಡ್ ಸದಸ್ಯರು. ನಿಮ್ಮನ್ನು ಕೆಲಸದಿಂದ ತೆಗೆದಿದ್ದೇವೆ ಅಂದರು, ಅಷ್ಟೇ. ಚಾಟ್‌ಜಿಪಿಟಿ ಬಂದು ಇನ್ನೂ ಒಂದು ವರ್ಷ ಆಗಿರಲಿಲ್ಲ. ಇಡೀ ಜಗತ್ತು ಆ ಕಂಪನಿಯ ಹೆಸರು ಹೇಳುತ್ತಿತ್ತು. ಅಂಥ ಕಂಪನಿಯ ಮುಖ್ಯಸ್ಥನನ್ನು ನಾಲ್ಕು ಜನ ಕೂತು ಮನೆಗೆ ಕಳಿಸಿದರು. ಆ ನಾಲ್ವರಲ್ಲಿ ಮೂವರು ಓಪನ್‌ಎಐನಲ್ಲಿ ಕೆಲಸ ಮಾಡುವವರೂ ಅಲ್ಲ.

ಐದು ದಿನದಲ್ಲಿ ಆಲ್ಟ್‌ಮನ್ ವಾಪಸ್ ಬಂದರು. ಮನೆಗೆ ಹೋದದ್ದು ಬೋರ್ಡು.

ಆಗ ಎಲ್ಲರೂ ಇದನ್ನು ಒಂದು ಧಾರಾವಾಹಿ ಥರ ನೋಡಿದರು, ನಾನೂ ನೋಡಿದೆ. ಯಾರು ಯಾರ ಪರ, ಯಾರು ಯಾರಿಗೆ ಕೈ ಕೊಟ್ಟರು, ಇದೇ ಮಾತು. ಆದರೆ ಈ ಪ್ರಕರಣದಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ. ಕಾನೂನಿನ ಪ್ರಕಾರ ಆ ನಾಲ್ವರಿಗೆ ಪೂರ್ತಿ ಅಧಿಕಾರ ಇತ್ತು, ಅದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ಹಾಗಿದ್ದರೂ ಆ ಅಧಿಕಾರ ಯಾಕೆ ನಡೆಯಲಿಲ್ಲ? ಅದು ಗೊತ್ತಾಗಬೇಕಾದರೆ ಎಂಟು ವರ್ಷ ಹಿಂದಕ್ಕೆ ಹೋಗಬೇಕು. ಅಲ್ಲಿ ಬೆಂಗಳೂರಿನ ಒಂದು ಹೆಸರೂ ಸಿಗುತ್ತದೆ.

2015ರ ಡಿಸೆಂಬರ್‌ನಲ್ಲಿ ಓಪನ್‌ಎಐ ಶುರುವಾದಾಗ ಅದು ಕಂಪನಿಯೇ ಅಲ್ಲ. ಡೆಲವೇರ್ ರಾಜ್ಯದಲ್ಲಿ ನೋಂದಾಯಿಸಿದ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕೂತಿದ್ದ ಒಂದು ಲಾಭರಹಿತ ಸಂಸ್ಥೆ. ಲಾಭದ ಗೊಡವೆ ಇಲ್ಲದೆ, ಇಡೀ ಮನುಷ್ಯಕುಲಕ್ಕೆ ಉಪಯೋಗ ಆಗುವಂಥ ಎಐ ಮಾಡುತ್ತೇವೆ ಎಂದರು. 100 ಕೋಟಿ ಡಾಲರ್ ಕೊಡುವುದಾಗಿ ಮಾತು ಕೊಟ್ಟವರ ಪಟ್ಟಿಯನ್ನೂ ಹಾಕಿದರು. ಇಲಾನ್ ಮಸ್ಕ್, ಆಲ್ಟ್‌ಮನ್, ಗ್ರೆಗ್ ಬ್ರಾಕ್‌ಮನ್, ರೀಡ್ ಹಾಫ್‌ಮನ್, ಪೀಟರ್ ಥೀಲ್, ಅಮೆಜಾನ್‌ನ ಕ್ಲೌಡ್ ವಿಭಾಗ, ಅವರ ಜೊತೆಗೆ ನಮ್ಮ ಎಲೆಕ್ಟ್ರಾನಿಕ್ಸ್ ಸಿಟಿಯ ಇನ್ಫೋಸಿಸ್. ಆಗ ಅಲ್ಲಿ ವಿಶಾಲ್ ಸಿಕ್ಕಾ ಸಿಇಒ. ಈಗ ಕೆಲವರು ಇದನ್ನು ನೆನೆಸಿಕೊಂಡು, ಅಯ್ಯೋ ಇನ್ಫೋಸಿಸ್‌ಗೆ ಎಷ್ಟು ದೊಡ್ಡ ಅವಕಾಶ ತಪ್ಪಿತು ಎಂದು ಹೊಟ್ಟೆ ಉರಿಸಿಕೊಳ್ಳುತ್ತಾರೆ. ಇನ್ಫೋಸಿಸ್ ಕೊಟ್ಟದ್ದು ದಾನ ಸ್ವಾಮಿ. ದೇವಸ್ಥಾನದ ಹುಂಡಿಗೆ ಹಾಕಿದ ದುಡ್ಡಿಗೆ ಷೇರು ಬರುವುದಿಲ್ಲ. ಈ ಸಣ್ಣ ವಿಷಯದಲ್ಲೇ ಮುಂದಿನ ಜಗಳವೆಲ್ಲ ಅಡಗಿದೆ.

ಮಾತು ಕೊಟ್ಟ ದುಡ್ಡೆಲ್ಲ ಬರಲೂ ಇಲ್ಲ. ಓಪನ್‌ಎಐ 2024ರಲ್ಲಿ ತಾನೇ ಹೇಳಿಕೊಂಡ ಪ್ರಕಾರ ಮಸ್ಕ್‌ರಿಂದ ಬಂದದ್ದು 4.5 ಕೋಟಿ ಡಾಲರ್‌ಗಿಂತ ಕಡಿಮೆ, ಉಳಿದ ದಾನಿಗಳಿಂದ 9 ಕೋಟಿಗಿಂತ ಜಾಸ್ತಿ. ಇಷ್ಟರಲ್ಲಿ ಗೂಗಲ್ ಎದುರು ನಿಲ್ಲುವುದು ಹೇಗೆ? 2017ರ ಹೊತ್ತಿಗೆ ಒಳಗಿದ್ದವರಿಗೆ ಗೊತ್ತಾಗಿತ್ತು, ಈ ಕೆಲಸಕ್ಕೆ ಬೇಕಾಗಿರುವುದು ಕಂಪ್ಯೂಟರ್ ಶಕ್ತಿ, ಅದಕ್ಕೆ ವರ್ಷಕ್ಕೆ ನೂರಾರು ಕೋಟಿ ಡಾಲರ್ ಬೇಕು, ಅಷ್ಟನ್ನು ದಾನವಾಗಿ ಕೊಡುವ ಪುಣ್ಯಾತ್ಮ ಯಾರೂ ಇಲ್ಲ ಅಂತ. ಲಾಭದ ಕಂಪನಿ ಮಾಡೋಣ ಎಂಬ ಮಾತು ಆಗಲೇ ಬಂತು. ಓಪನ್‌ಎಐ ಹೊರಗೆ ಹಾಕಿದ ಇಮೇಲ್‌ಗಳ ಪ್ರಕಾರ ಮಸ್ಕ್‌ಗೂ ಅದು ಬೇಕಿತ್ತು, ಆದರೆ ಹಿಡಿತ ತನ್ನ ಕೈಯಲ್ಲಿರಬೇಕು, ಇಲ್ಲದಿದ್ದರೆ ಟೆಸ್ಲಾಗೆ ಸೇರಿಸಬೇಕು. ಒಪ್ಪಂದ ಕುದುರಲಿಲ್ಲ. 2018ರ ಫೆಬ್ರವರಿಯಲ್ಲಿ ಅವರು ಬೋರ್ಡು ಬಿಟ್ಟರು.

2019ರಲ್ಲಿ ಒಂದು ವಿಚಿತ್ರ ರಚನೆ ಬಂತು. ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಅಂತಾರಲ್ಲ, ಹಾಗೆ. ಮೇಲೆ ಲಾಭರಹಿತ ಸಂಸ್ಥೆ, ಅದರ ಕೆಳಗೆ ಲಾಭ ಮಾಡುವ ಕಂಪನಿ. ಹೂಡಿಕೆದಾರರು ದುಡ್ಡು ಹಾಕಬಹುದು, ಲಾಭವನ್ನೂ ಪಡೆಯಬಹುದು, ಆದರೆ ಅದಕ್ಕೊಂದು ಮಿತಿ ಇದೆ. ಮೊದಲ ಸುತ್ತಿನವರಿಗೆ ಹಾಕಿದ್ದರ 100 ಪಟ್ಟು, ಅದಕ್ಕಿಂತ ಜಾಸ್ತಿ ಬಂದದ್ದೆಲ್ಲ ಮೇಲಿನ ಸಂಸ್ಥೆಗೆ. ನೂರು ಪಟ್ಟನ್ನೂ ಮಿತಿ ಅನ್ನಬಹುದಾ ಎಂದು ನಗಬೇಡಿ, ಲಾಭ ಅದನ್ನೂ ಎಷ್ಟೋ ದಾಟಿ ಹೋಗುತ್ತದೆ ಎಂದು ಅವರು ನಿಜವಾಗಲೂ ಅಂದುಕೊಂಡಿದ್ದರು. ಬೋರ್ಡಿನಲ್ಲಿ ಹೆಚ್ಚಿನವರಿಗೆ ಕಂಪನಿಯಲ್ಲಿ ಪಾಲು ಇರಕೂಡದು ಎಂಬ ನಿಯಮವೂ ಇತ್ತು. ಅದಕ್ಕೂ ಒಂದು ವರ್ಷ ಮೊದಲೇ ಬರೆದಿಟ್ಟ ಚಾರ್ಟರ್‌ನಲ್ಲಿ, ಅಂದರೆ ಸಂಸ್ಥೆಯ ಧ್ಯೇಯಪತ್ರದಲ್ಲಿ, ನಮ್ಮ ಮೊದಲ ಹೊಣೆ ಮನುಷ್ಯಕುಲಕ್ಕೆ ಎಂದಿತ್ತು. ಬೇರೆ ಯಾರಾದರೂ ಸುರಕ್ಷಿತವಾಗಿ ನಮಗಿಂತ ಮುಂಚೆ ಗುರಿ ಮುಟ್ಟುವಂತಿದ್ದರೆ ಪೈಪೋಟಿ ಬಿಟ್ಟು ಅವರಿಗೇ ಸಹಾಯ ಮಾಡುತ್ತೇವೆ ಎಂದೂ ಇತ್ತು.

ಇನ್ನೊಂದು ತಮಾಷೆ. ಹೂಡಿಕೆ ಪತ್ರದಲ್ಲೇ ಒಂದು ಎಚ್ಚರಿಕೆ ಹಾಕಿದ್ದರು: ಇಲ್ಲಿ ಹಾಕುವ ದುಡ್ಡನ್ನು ದಾನ ಅಂತ ಅಂದುಕೊಳ್ಳುವುದೇ ಜಾಣತನ. ಇದನ್ನು ಓದಿಕೊಂಡೇ ಮೈಕ್ರೋಸಾಫ್ಟ್ 2019ರ ಜುಲೈನಲ್ಲಿ 100 ಕೋಟಿ ಡಾಲರ್ ಕೊಟ್ಟಿತು. ಆಮೇಲೆ ಕೊಡುತ್ತಾ ಹೋಗಿ ಒಟ್ಟು 1,300 ಕೋಟಿ ಡಾಲರ್ ಆಸುಪಾಸಿಗೆ ಮುಟ್ಟಿತು. ಆದರೂ ಬೋರ್ಡಿನಲ್ಲಿ ಒಂದು ಕುರ್ಚಿ ಕೂಡ ಇಲ್ಲ. ಸತ್ಯ ನಾದೆಲ್ಲಾ ಇಂಥ ಒಪ್ಪಂದಕ್ಕೆ ಸಹಿ ಹಾಕಿದರಲ್ಲ ಎಂದು ಆಗ ತುಂಬ ಜನರಿಗೆ ಆಶ್ಚರ್ಯ ಆಗಿತ್ತು. ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದಿದ ಮನುಷ್ಯ ಅಷ್ಟೇನೂ ದಡ್ಡರಲ್ಲ ಅಂತ ಆಮೇಲೆ ಗೊತ್ತಾಯಿತು. ಕುರ್ಚಿ ಇಲ್ಲದಿದ್ದರೇನು, ಓಪನ್‌ಎಐ ಓಡುತ್ತಿದ್ದದ್ದೇ ಮೈಕ್ರೋಸಾಫ್ಟ್ ಕಂಪ್ಯೂಟರ್‌ಗಳ ಮೇಲೆ.

ಈಗ ಬೋರ್ಡಿನ ಕಡೆ ನೋಡಿ. ಲಾಭರಹಿತ ಸಂಸ್ಥೆಗೆ ಮಾಲೀಕರು ಇರುವುದಿಲ್ಲ. ಷೇರುದಾರರಿಲ್ಲ, ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಕೂಗಾಡುವವರಿಲ್ಲ. ಬೋರ್ಡೇ ಎಲ್ಲ. ಯಾರಾದರೂ ಬಿಟ್ಟು ಹೋದರೆ ಉಳಿದವರೇ ಹೊಸಬರನ್ನು ಆರಿಸಿಕೊಳ್ಳಬೇಕು. 2023ರಲ್ಲಿ ಹಾಫ್‌ಮನ್, ಶಿವೋನ್ ಝಿಲಿಸ್, ವಿಲ್ ಹರ್ಡ್ ಮೂವರೂ ಬಿಟ್ಟರು. ಅವರ ಜಾಗಕ್ಕೆ ಯಾರೂ ಬರಲಿಲ್ಲ. ಹೀಗೆ ಆರೇ ಜನ ಉಳಿದರು. ಆಲ್ಟ್‌ಮನ್, ಬ್ರಾಕ್‌ಮನ್ ಮತ್ತು ಮುಖ್ಯ ವಿಜ್ಞಾನಿ ಇಲ್ಯಾ ಸುಟ್ಸ್‌ಕೆವರ್ ಒಳಗಿನವರು. ಹೆಲೆನ್ ಟೋನರ್, ತಾಶಾ ಮೆಕಾಲಿ, ಕೋರಾ ಕಂಪನಿಯ ಆಡಮ್ ಡಿ'ಆಂಜೆಲೊ ಹೊರಗಿನವರು. ಆರರಲ್ಲಿ ನಾಲ್ಕು ಅಂದರೆ ಬಹುಮತ, ಸುಟ್ಸ್‌ಕೆವರ್ ಆ ಕಡೆ ವಾಲಿದ ದಿನ ಲೆಕ್ಕ ಮುಗಿಯಿತು. ಇಷ್ಟು ದೊಡ್ಡ ಸಂಸ್ಥೆಯ ಹಣೆಬರಹ ಒಂದೇ ಓಟಿನ ಮೇಲೆ ನಿಂತಿತ್ತು ಅನ್ನುವುದೇ ಒಂದು ದೋಷ, ಅದಕ್ಕೆ ಯಾರನ್ನೂ ದೂರಬೇಕಿಲ್ಲ.

ಹೊರಗೆ ಕೊಟ್ಟ ಕಾರಣ ಒಂದೇ ಸಾಲು: ಆಲ್ಟ್‌ಮನ್ ಬೋರ್ಡಿನ ಜೊತೆ ಯಾವಾಗಲೂ ಮುಚ್ಚುಮರೆಯಿಲ್ಲದೆ ಮಾತಾಡುತ್ತಿರಲಿಲ್ಲ. ಏನು ಮುಚ್ಚಿಟ್ಟರು, ಯಾವಾಗ, ಯಾಕೆ? ಒಂದೂ ಹೇಳಲಿಲ್ಲ. ವಿವರ ಬಂದದ್ದು ಆರು ತಿಂಗಳ ಮೇಲೆ, ಟೋನರ್ ಒಂದು ಪಾಡ್‌ಕಾಸ್ಟ್‌ನಲ್ಲಿ ಮಾತಾಡಿದಾಗ. ಚಾಟ್‌ಜಿಪಿಟಿ ಬಿಡುಗಡೆ ಆದದ್ದು ಬೋರ್ಡಿಗೆ ಗೊತ್ತಾದದ್ದು ಟ್ವಿಟರ್ ನೋಡಿ ಎಂದರು. ಓಪನ್‌ಎಐ ಹೆಸರಿನ ಸ್ಟಾರ್ಟಪ್ ನಿಧಿ ಆಲ್ಟ್‌ಮನ್ ಒಡೆತನದಲ್ಲಿದೆ ಎಂದೂ ನಮಗೆ ಹೇಳಿರಲಿಲ್ಲ ಎಂದರು. ಇದು ಒಂದು ಕಡೆಯ ಮಾತು, ಇರಲಿ. ಆದರೆ ಇದನ್ನೇ ಆ ಶುಕ್ರವಾರ ಸಂಜೆ ಹೇಳಿದ್ದರೆ?

ನನಗೆ ಈ ಪ್ರಕರಣದಲ್ಲಿ ಅತಿ ದೊಡ್ಡ ತಪ್ಪು ಅನ್ನಿಸುವುದು ಇದೇ. ಸಾರ್ವಜನಿಕರ ಪರವಾಗಿ ಕೂತಿದ್ದೇವೆ ಅನ್ನುವ ಬೋರ್ಡು ಸಾರ್ವಜನಿಕರಿಗೇ ಏನೂ ಹೇಳಲಿಲ್ಲ. ಮಾಮೂಲಿ ಕಂಪನಿಯ ಬೋರ್ಡಿನ ಬೆನ್ನಿಗೆ ಷೇರುದಾರರು ಇರುತ್ತಾರೆ. ಇವರ ಬೆನ್ನಿಗೆ ಇದ್ದದ್ದು ಮನುಷ್ಯಕುಲ, ಅದಕ್ಕೆ ಸಹಿ ಹಾಕಲೂ ಬರುವುದಿಲ್ಲ, ಶನಿವಾರ ಬೆಳಿಗ್ಗೆ ಫೋನ್ ಮಾಡಿ ಧೈರ್ಯ ಹೇಳಲೂ ಬರುವುದಿಲ್ಲ. ಇವರಿಗಿದ್ದ ಒಂದೇ ಆಸರೆ ಅಂದರೆ ಜನರ ನಂಬಿಕೆ, ಅದನ್ನು ಗಳಿಸಿಕೊಳ್ಳುವ ಮಾತನ್ನೇ ಆಡಲಿಲ್ಲ.

ಆ ಕಡೆಯವರು ಸುಮ್ನೆ ಕೂರಲಿಲ್ಲ. ಬ್ರಾಕ್‌ಮನ್ ಅದೇ ದಿನ ರಾಜೀನಾಮೆ ಕೊಟ್ಟರು. ತಾತ್ಕಾಲಿಕ ಸಿಇಒ ಮಾಡಿದ್ದ ಮೀರಾ ಮುರಾತಿ ಆಲ್ಟ್‌ಮನ್ ಪರ ವಾಲಿದರು. ಭಾನುವಾರ ರಾತ್ರಿ ಟ್ವಿಚ್‌ನ ಮಾಜಿ ಮುಖ್ಯಸ್ಥ ಎಮೆಟ್ ಶಿಯರ್‌ರನ್ನು ತಂದು ಕೂರಿಸಿದರು, ಅಂದರೆ ಮೂರು ದಿನದಲ್ಲಿ ಮೂರನೇ ಸಿಇಒ. ಸೋಮವಾರ ಬೆಳಗಾಗುವಷ್ಟರಲ್ಲಿ ನಾದೆಲ್ಲಾ, ಆಲ್ಟ್‌ಮನ್ ಮತ್ತು ಬ್ರಾಕ್‌ಮನ್ ಮೈಕ್ರೋಸಾಫ್ಟ್‌ಗೆ ಬರುತ್ತಾರೆ ಎಂದು ಸಾರಿದರು. ಸುಮಾರು 770 ನೌಕರರಲ್ಲಿ 700ಕ್ಕೂ ಜಾಸ್ತಿ ಜನ, ಬೋರ್ಡು ಹೋಗದಿದ್ದರೆ ನಾವೂ ಅಲ್ಲಿಗೇ ಹೋಗುತ್ತೇವೆ ಎಂದು ಪತ್ರಕ್ಕೆ ಸಹಿ ಹಾಕಿದರು. ಸಹಿ ಹಾಕಿದವರಲ್ಲಿ ಸುಟ್ಸ್‌ಕೆವರ್ ಕೂಡ ಇದ್ದರು! ತಾನೇ ತೆಗೆದು, ತಾನೇ ವಾಪಸ್ ಕರೆಯಿರಿ ಎಂದ ಮನುಷ್ಯ.

ನೌಕರರದ್ದು ಬರೀ ಪ್ರೀತಿ ಅಂತ ನಂಬುವಷ್ಟು ಮುಗ್ಧರಾಗಬೇಕಿಲ್ಲ. ಅವರ ಪಾಲುಗಳನ್ನು ಕಂಪನಿಗೆ 8,600 ಕೋಟಿ ಡಾಲರ್ ಬೆಲೆ ಕಟ್ಟಿ ಹೊಸ ಹೂಡಿಕೆದಾರರು ಕೊಳ್ಳುವ ಮಾತುಕತೆ ಅದೇ ಹೊತ್ತಿಗೆ ನಡೆಯುತ್ತಿತ್ತು. ಆಲ್ಟ್‌ಮನ್ ಹೋದರೆ ಅದು ಬಿದ್ದು ಹೋಗುವ ಹಾಗಿತ್ತು. ಮನೆ ಸಾಲ, ಮಕ್ಕಳ ಓದು, ವರ್ಷಗಟ್ಟಲೆ ನಿದ್ದೆ ಬಿಟ್ಟು ಮಾಡಿದ ಕೆಲಸ, ಎಲ್ಲ ಅದರಲ್ಲಿತ್ತು. ನಾನು ಅಲ್ಲಿದ್ದರೆ ನಾನೂ ಸಹಿ ಹಾಕುತ್ತಿದ್ದೆನೇನೋ. 2019ರಲ್ಲಿ ನೌಕರರಿಗೆ ಲಾಭದ ಪಾಲು ಕೊಟ್ಟ ದಿನವೇ ಬೋರ್ಡಿನ ಅಧಿಕಾರ ಸೋರತೊಡಗಿತ್ತು, 2023ರಲ್ಲಿ ಕಣ್ಣಿಗೆ ಕಂಡಿತು ಅಷ್ಟೇ.

ಲೆಕ್ಕ ಹಾಕಿ ನೋಡಿ. ಬೋರ್ಡಿನ ಕೈಯಲ್ಲಿ ತೆಗೆಯುವ ಹಕ್ಕು ಇತ್ತು. ಕಂಪ್ಯೂಟರ್‌ಗಳು ಮೈಕ್ರೋಸಾಫ್ಟ್ ಕೈಯಲ್ಲಿ. ತಿಳಿವಳಿಕೆ ನೌಕರರ ತಲೆಯಲ್ಲಿ. ದುಡ್ಡು ಹೂಡಿಕೆದಾರರ ಹತ್ತಿರ. ಉಳಿದದ್ದು ಒಂದೇ ದಾರಿ, ಹಟ ಹಿಡಿದು ಸಂಸ್ಥೆ ಖಾಲಿಯಾಗಲಿ ಬಿಡು ಎಂದು ಕೂರುವುದು. ಕಂಪನಿ ಮುಳುಗಿದರೂ ಧ್ಯೇಯಕ್ಕೆ ವಿರುದ್ಧ ಅಲ್ಲ ಎಂದು ಟೋನರ್ ಹೇಳಿದ್ದಾಗಿ ವರದಿಯೂ ಬಂತು. ಜನ ಅದನ್ನು ಕೇಳಿ ಹುಚ್ಚು ಎಂದರು. ಆದರೆ ಚಾರ್ಟರ್ ತೆರೆದು ಓದಿದರೆ ಆ ಮಾತಿಗೆ ಆಧಾರ ಇದೆ. ಸಂಸ್ಥೆ ಮುಳುಗಿದರೂ ಸರಿ ಅನ್ನುವ ಬೋರ್ಡಿನ ಬೆದರಿಕೆ ಬರೀ ಬೆದರಿಕೆ ಎಂದು ಎಲ್ಲರಿಗೂ ಗೊತ್ತಾದರೆ ಆಮೇಲೆ ಅದಕ್ಕೆ ಬೆಲೆ ಎಲ್ಲಿ?

ಕೊನೆಗೆ ಟೋನರ್, ಮೆಕಾಲಿ, ಸುಟ್ಸ್‌ಕೆವರ್ ಬೋರ್ಡಿನಿಂದ ಹೊರಗೆ. ಬ್ರೆಟ್ ಟೇಲರ್ ಅಧ್ಯಕ್ಷ, ಲ್ಯಾರಿ ಸಮ್ಮರ್ಸ್ ಒಳಗೆ, ಡಿ'ಆಂಜೆಲೊ ಒಬ್ಬರೇ ಹಳಬರು. ವಕೀಲರ ಕಂಪನಿಯೊಂದು ತನಿಖೆ ಮಾಡಿತು. ಇದು ಉತ್ಪನ್ನದ ಸುರಕ್ಷತೆಯ ಪ್ರಶ್ನೆ ಅಲ್ಲ, ನಂಬಿಕೆ ಮುರಿದು ಬಿದ್ದದ್ದು ಎಂದು ಹೇಳಿತು. 2024ರ ಮಾರ್ಚ್‌ನಲ್ಲಿ ಆಲ್ಟ್‌ಮನ್‌ಗೆ ಬೋರ್ಡಿನ ಕುರ್ಚಿಯೂ ವಾಪಸ್ ಸಿಕ್ಕಿತು. ಪೂರ್ತಿ ವರದಿಯನ್ನು ಹೊರಗೆ ಬಿಡಲೇ ಇಲ್ಲ. ಮೇ ತಿಂಗಳಲ್ಲಿ ಸುಟ್ಸ್‌ಕೆವರ್ ಮತ್ತು ಸುರಕ್ಷತಾ ತಂಡದ ಯಾನ್ ಲೈಕೆ ಕೆಲಸ ಬಿಟ್ಟರು. ಹೊಳೆಯುವ ಉತ್ಪನ್ನಗಳ ಮುಂದೆ ಸುರಕ್ಷತೆ ಹಿಂದಿನ ಸೀಟಿಗೆ ಹೋಗಿದೆ ಎಂದು ಲೈಕೆ ಬಹಿರಂಗವಾಗಿ ಬರೆದರು.

ಸಾಮಾನ್ಯವಾಗಿ ಜನ ಕಥೆಯನ್ನು ಇಲ್ಲಿಗೆ ನಿಲ್ಲಿಸುತ್ತಾರೆ. ದುಡ್ಡು ಗೆದ್ದಿತು, ಧರ್ಮ ಸೋತಿತು, ಶುಭಂ. ನನಗೆ ಇದರ ಎರಡನೇ ಭಾಗವೇ ಜಾಸ್ತಿ ಮುಖ್ಯ. ಅಲ್ಲಿ ಪಾಡ್‌ಕಾಸ್ಟ್ ಇಲ್ಲ, ಸಹಿ ಚಳವಳಿ ಇಲ್ಲ, ಇರುವುದು ಎರಡು ರಾಜ್ಯಗಳ ಸರ್ಕಾರಿ ವಕೀಲರು ಮತ್ತು ಒಣಕಲು ಕಾನೂನು.

2024ರ ಅಕ್ಟೋಬರ್‌ನಲ್ಲಿ ಓಪನ್‌ಎಐ 660 ಕೋಟಿ ಡಾಲರ್ ಎತ್ತಿತು, ಕಂಪನಿಯ ಬೆಲೆ 15,700 ಕೋಟಿ ಡಾಲರ್ ಎಂದು ಲೆಕ್ಕ. ಈ ಸಲ ಹೂಡಿಕೆದಾರರು ದಾನ ಗೀನ ಅನ್ನುವ ಮಾತಿಗೆ ತಯಾರಿರಲಿಲ್ಲ. ಎರಡು ವರ್ಷದಲ್ಲಿ ಮಾಮೂಲಿ ಕಂಪನಿಯಾಗಿ ಬದಲಾಗದಿದ್ದರೆ ದುಡ್ಡು ವಾಪಸ್ ಕೇಳುವ ಹಕ್ಕು ಬರೆಸಿಕೊಂಡರು. 2025ರ ಮಾರ್ಚ್‌ನಲ್ಲಿ ಸಾಫ್ಟ್‌ಬ್ಯಾಂಕ್ ಮುಂದಾಳತ್ವದಲ್ಲಿ 4,000 ಕೋಟಿ ಡಾಲರ್‌ಗೆ ಒಪ್ಪಂದ ಆಯಿತು. ಅದರಲ್ಲೂ ಇಂಥದೇ ಷರತ್ತು, ವರ್ಷದ ಕೊನೆಯೊಳಗೆ ಬದಲಾಗದಿದ್ದರೆ ಮೊತ್ತ ಇಳಿಯುತ್ತದೆ. ನಡುವೆ, 2024ರ ಡಿಸೆಂಬರ್ 27ರಂದು, ಯೋಜನೆ ಹೊರಬಂತು. ಕಂಪನಿಯನ್ನು ಪಬ್ಲಿಕ್ ಬೆನಿಫಿಟ್ ಕಾರ್ಪೊರೇಷನ್ (ಲಾಭದ ಜೊತೆ ಜನಹಿತವನ್ನೂ ನೋಡಬೇಕಾದ ಕಂಪನಿ) ಮಾಡುತ್ತೇವೆ, ಲಾಭರಹಿತ ಸಂಸ್ಥೆಗೆ ಷೇರು ಕೊಡುತ್ತೇವೆ, ಆಡಳಿತ ಕಂಪನಿಯೇ ನೋಡಿಕೊಳ್ಳುತ್ತದೆ. ಸಂಸ್ಥೆ ಆಸ್ಪತ್ರೆ, ಶಾಲೆ, ವಿಜ್ಞಾನ ಅಂತ ಒಳ್ಳೆಯ ಕೆಲಸ ಮಾಡಿಕೊಂಡು ಇರಲಿ. ಮನೆ ಯಜಮಾನನಿಗೆ ಪಿಂಚಣಿ ಕೊಟ್ಟು ಜಗಲಿ ಮೇಲೆ ಕೂರಿಸಿದ ಹಾಗೆ.

ಇಲ್ಲಿ ಹಳೇ ಕಾನೂನು ಅಡ್ಡ ಬಂತು. ದತ್ತಿಯಾಗಿ ಬಂದ ಆಸ್ತಿಯನ್ನು ದತ್ತಿಯ ಕೆಲಸಕ್ಕೇ ಬಳಸಬೇಕು, ಬೇರೆಯವರಿಗೆ ಅಗ್ಗಕ್ಕೆ ದಾಟಿಸುವ ಹಾಗಿಲ್ಲ. ಇದನ್ನು ಕಾಯುವವರು ರಾಜ್ಯದ ಅಟಾರ್ನಿ ಜನರಲ್. ಜನರ ಪರವಾಗಿ ಕೋರ್ಟಿಗೆ ಹೋಗುವ ಹಕ್ಕು ಅವರದ್ದು. ಕ್ಯಾಲಿಫೋರ್ನಿಯಾಗೆ ಇದು ಹೊಸದೂ ಅಲ್ಲ. 1996ರಲ್ಲಿ ಅಲ್ಲಿನ ಬ್ಲೂ ಕ್ರಾಸ್ ಎಂಬ ಲಾಭರಹಿತ ಆರೋಗ್ಯ ವಿಮೆ ಸಂಸ್ಥೆ ಲಾಭದ ಕಂಪನಿಯಾದಾಗ, 300 ಕೋಟಿ ಡಾಲರ್‌ಗೂ ಜಾಸ್ತಿ ಆಸ್ತಿ ಎರಡು ಪ್ರತಿಷ್ಠಾನಗಳಿಗೆ ಹೋಗಿತ್ತು. ಅಲ್ಲಿ ಪ್ರಶ್ನೆ ಸುಲಭ: ವಿಮೆ ವ್ಯಾಪಾರದ ಬೆಲೆ ಎಷ್ಟು? ಓಪನ್‌ಎಐನಲ್ಲಿ ಕೇಳಬೇಕಾದದ್ದು ಬೇರೆ. ಮನುಷ್ಯರಿಗಿಂತ ಚುರುಕಾದ ಯಂತ್ರ ಬಂದರೆ ಅದನ್ನು ನಿಲ್ಲಿಸುವ ಅಧಿಕಾರ ನಮ್ಮ ಹತ್ತಿರ ಇರುತ್ತದೆ ಎಂದು ಹೇಳಿ ಸಂಸ್ಥೆ ಕಟ್ಟಿದ್ದೀರಿ. ಆ ಅಧಿಕಾರವನ್ನೇ ಮಾರಿದರೆ, ಅದಕ್ಕೆ ಬೆಲೆ ಕಟ್ಟುವುದು ಹೇಗೆ? ಬಂದ ದುಡ್ಡಲ್ಲಿ ನೂರು ಆಸ್ಪತ್ರೆ ಕಟ್ಟಿದರೂ ಮೂಲ ಉದ್ದೇಶ ಈಡೇರಿದ ಹಾಗೆ ಆಯಿತಾ? 2025ರ ಏಪ್ರಿಲ್‌ನಲ್ಲಿ ಓಪನ್‌ಎಐನ ಮಾಜಿ ನೌಕರರು, ಎಐ ವಿಜ್ಞಾನಿ ಜೆಫ್ರಿ ಹಿಂಟನ್ ಅಂಥವರು ಸೇರಿ ಅಟಾರ್ನಿ ಜನರಲ್‌ಗಳಿಗೆ ಬರೆದ ಪತ್ರದ ಸಾರವೂ ಹೆಚ್ಚುಕಡಿಮೆ ಇದೇ.

ಈ ಮಧ್ಯೆ ಮಸ್ಕ್ ಒಂದು ಕಿಡಿ ಹಾಕಿದರು. ಅವರು ಆಗಲೇ ಕೋರ್ಟಿಗೆ ಹೋಗಿದ್ದರು. 2025ರ ಫೆಬ್ರವರಿಯಲ್ಲಿ, ಆ ಸಂಸ್ಥೆಯ ಆಸ್ತಿಗೆ ನಾವು 9,740 ಕೋಟಿ ಡಾಲರ್ ಕೊಡುತ್ತೇವೆ ಎಂದು ತಮ್ಮ ಗುಂಪಿನ ಪರವಾಗಿ ಬಿಡ್ ಹಾಕಿದರು. ಬೋರ್ಡು ನಾಲ್ಕೇ ದಿನದಲ್ಲಿ ಬೇಡ ಎಂದಿತು. ಮಸ್ಕ್ ತಮ್ಮದೇ ಎಐ ಕಂಪನಿ ಇಟ್ಟುಕೊಂಡ ಎದುರಾಳಿ, ಅವರ ಉದ್ದೇಶ ಏನೇ ಇರಲಿ, ಬಿಡ್ ಮಾತ್ರ ಒಂದು ಕೆಲಸ ಮಾಡಿತು. ಹೊರಗಿನವರೊಬ್ಬರು ಬೆಲೆ ಕೂಗಿದ ಮೇಲೆ ಅದಕ್ಕಿಂತ ತುಂಬ ಕಡಿಮೆಗೆ ಒಳಗಿನವರಿಗೆ ಕೊಟ್ಟರೆ ಸರ್ಕಾರಿ ವಕೀಲರಿಗೆ ಏನು ಉತ್ತರ ಹೇಳುವುದು?

ಮೇ 5ಕ್ಕೆ ಓಪನ್‌ಎಐ ಹಿಂದೆ ಸರಿಯಿತು. ಕ್ಯಾಲಿಫೋರ್ನಿಯಾದ ರಾಬ್ ಬೊಂಟಾ, ಡೆಲವೇರ್‌ನ ಕ್ಯಾಥಿ ಜೆನ್ನಿಂಗ್ಸ್, ಈ ಇಬ್ಬರು ಅಟಾರ್ನಿ ಜನರಲ್‌ಗಳ ಕಚೇರಿ ಜೊತೆ ಮಾತಾಡಿದ ಮೇಲೆ, ಲಾಭರಹಿತ ಸಂಸ್ಥೆಯ ಹಿಡಿತ ಹಾಗೇ ಇರುತ್ತದೆ ಎಂದು ತೀರ್ಮಾನಿಸಿದ್ದಾಗಿ ಹೇಳಿತು. ಅಕ್ಟೋಬರ್ 28ಕ್ಕೆ ಹೊಸ ರಚನೆ ಮುಗಿಯಿತು. ಸಂಸ್ಥೆಗೆ ಓಪನ್‌ಎಐ ಫೌಂಡೇಶನ್ ಎಂಬ ಹೊಸ ಹೆಸರು. ಕಂಪನಿಯಲ್ಲಿ ಅದಕ್ಕೆ ಸುಮಾರು ಶೇ 26 ಪಾಲು, ಬೆಲೆ ಸುಮಾರು 13,000 ಕೋಟಿ ಡಾಲರ್. ಮೈಕ್ರೋಸಾಫ್ಟ್‌ಗೆ ಸುಮಾರು ಶೇ 27. ಉಳಿದದ್ದು ನೌಕರರು ಮತ್ತು ಬೇರೆ ಹೂಡಿಕೆದಾರರದ್ದು. ಕಂಪನಿಯ ನಿರ್ದೇಶಕರನ್ನು ನೇಮಿಸುವುದು, ತೆಗೆಯುವುದು ಫೌಂಡೇಶನ್ ಕೈಯಲ್ಲಿ. ಸುರಕ್ಷತೆಯ ವಿಷಯ ಬಂದಾಗ ಕಂಪನಿಯ ನಿರ್ದೇಶಕರು ಷೇರುದಾರರ ಲಾಭ ನೋಡಕೂಡದು, ಧ್ಯೇಯ ಮಾತ್ರ ನೋಡಬೇಕು ಎಂದು ಡೆಲವೇರ್ ಷರತ್ತು ಹಾಕಿತು. ಮಾಡೆಲ್ ಬಿಡುಗಡೆಯನ್ನು ತಡೆಯಬಲ್ಲ ಸುರಕ್ಷತಾ ಸಮಿತಿ ಫೌಂಡೇಶನ್‌ನಲ್ಲೇ ಉಳಿಯಿತು. ಅದರ ಅಧ್ಯಕ್ಷ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಪ್ರೊಫೆಸರ್ ಝಿಕೊ ಕೋಲ್ಟರ್.

ಕಳೆದುಕೊಂಡದ್ದೂ ಕಡಿಮೆಯಿಲ್ಲ. ಲಾಭದ ಮಿತಿ ಹೋಯಿತು. ಮೊದಲು ಮಿತಿ ದಾಟಿದ ಮೇಲಿನದ್ದೆಲ್ಲ ಸಂಸ್ಥೆಗೆ ಬರಬೇಕಿತ್ತು, ಹೊಸ ರಚನೆಯಲ್ಲಿ ಅದಕ್ಕೆ ಸಿಕ್ಕಿದ್ದು ಕಾಲು ಭಾಗದ ಆಸುಪಾಸು. ಷೇರಿನ ಬೆಲೆ 15 ವರ್ಷದ ಮೇಲೆ ಹತ್ತು ಪಟ್ಟು ದಾಟಿದ್ದರೆ ಇನ್ನಷ್ಟು ಷೇರು ಸಿಗುತ್ತದೆ, ಅದೊಂದು ಸಮಾಧಾನ. ಮನುಷ್ಯರ ಮಟ್ಟದ ಎಐ (ಎಜಿಐ) ಬಂತು ಎಂದು ಸಾರುವ ಹಕ್ಕು ಮೊದಲು ಬೋರ್ಡಿನದ್ದಾಗಿತ್ತು. ಹಾಗೆ ಸಾರಿದರೆ ಮುಂದಿನ ತಂತ್ರಜ್ಞಾನ ಮೈಕ್ರೋಸಾಫ್ಟ್‌ಗೆ ಸಿಗುತ್ತಿರಲಿಲ್ಲ. 2025ರ ಒಪ್ಪಂದದಲ್ಲಿ, ಬೋರ್ಡು ಸಾರಿದರೂ ಸ್ವತಂತ್ರ ತಜ್ಞರ ಸಮಿತಿ ಒಪ್ಪಬೇಕು ಎಂದಾಯಿತು. ಪಬ್ಲಿಕ್ ಬೆನಿಫಿಟ್ ಕಾರ್ಪೊರೇಷನ್ ಅಂದ ಕೂಡಲೇ ಜನರಿಗೆ ಏನೋ ಹಕ್ಕು ಬಂತು ಅಂದುಕೊಳ್ಳಬೇಡಿ. ಡೆಲವೇರ್ ಕಾನೂನಿನಲ್ಲಿ, ಜನಹಿತ ನೋಡಲಿಲ್ಲ ಎಂದು ಅಂಥ ಕಂಪನಿಯ ನಿರ್ದೇಶಕರ ಮೇಲೆ ಕೇಸು ಹಾಕಬೇಕಾದರೆ ಶೇ 2ರಷ್ಟಾದರೂ ಷೇರು ಇರಬೇಕು. ಈ ಕಂಪನಿಯ ಶೇ 2 ಅಂದರೆ ಎಷ್ಟು ಅಂತ ನೀವೇ ಗುಣಿಸಿ, ಆಗ ಕಟ್ಟಿದ ಬೆಲೆ 50,000 ಕೋಟಿ ಡಾಲರ್.

ಇನ್ನೊಂದು ಒಳಸುಳಿ ಇದೆ, ಇದರ ಬಗ್ಗೆ ಮಾತು ಕಡಿಮೆ. ಆರೋಗ್ಯ ಮತ್ತು ಎಐ ಅಪಾಯಗಳಿಂದ ರಕ್ಷಣೆಯ ಕೆಲಸಕ್ಕೆ 2,500 ಕೋಟಿ ಡಾಲರ್ ಖರ್ಚು ಮಾಡುತ್ತೇವೆ ಎಂದು ಫೌಂಡೇಶನ್ ಹೇಳಿದೆ. ಅದರ ಸಂಪತ್ತೆಲ್ಲ ಇರುವುದು ಓಪನ್‌ಎಐ ಷೇರಿನಲ್ಲಿ. ಷೇರು ಏರಿದಷ್ಟೂ ಕೊಡುಗೆ ದೊಡ್ಡದು. ನಾಳೆ ಕೋಲ್ಟರ್ ಸಮಿತಿ ಒಂದು ಮಾಡೆಲನ್ನು ಆರು ತಿಂಗಳು ತಡೆದರೆ, ಷೇರು ಬಿದ್ದು ಮೊದಲ ಪೆಟ್ಟು ಬೀಳುವುದು ಆಸ್ಪತ್ರೆಗೆ ಇಟ್ಟ ದುಡ್ಡಿಗೆ. 2023ರಲ್ಲಿ ಬೋರ್ಡಿನ ಹೆಚ್ಚಿನವರಿಗೆ ಕಳೆದುಕೊಳ್ಳಲು ಏನೂ ಇರಲಿಲ್ಲ, ಅದಕ್ಕೇ ಅಷ್ಟು ಧೈರ್ಯ ಮಾಡಿದರು. ಈಗ ಕಾವಲುಗಾರನ ಮನೆಯಲ್ಲೂ ಗಂಟು ಇದೆ.

ಫೌಂಡೇಶನ್ ಬೋರ್ಡು, ಕಂಪನಿ ಬೋರ್ಡು ಅಂತ ಎರಡು ಹೆಸರು ಇದ್ದರೂ ರಚನೆ ಬದಲಾದ ದಿನ ಎರಡರಲ್ಲೂ ಕೂತವರು ಹೆಚ್ಚುಕಡಿಮೆ ಅದೇ ಜನ. ಆಲ್ಟ್‌ಮನ್ ಎರಡರಲ್ಲೂ ಇದ್ದಾರೆ. ಸಿಇಒನನ್ನು ಪ್ರಶ್ನೆ ಮಾಡಬೇಕಾದ ಕಂಪನಿ ಬೋರ್ಡು, ಆ ಬೋರ್ಡನ್ನು ಪ್ರಶ್ನೆ ಮಾಡಬೇಕಾದ ಫೌಂಡೇಶನ್ ಬೋರ್ಡು, ಒಂದು ಮೀಟಿಂಗ್ ಮುಗಿದರೆ ಅದೇ ಕುರ್ಚಿಗಳಲ್ಲಿ ಇನ್ನೊಂದು ಶುರು. ಕೋಲ್ಟರ್ ಮಾತ್ರ ಕಂಪನಿ ಬೋರ್ಡಿನ ಸದಸ್ಯರಲ್ಲ. ಆ ಎರಡನೇ ಮೀಟಿಂಗ್‌ಗೂ ಅವರು ಬಂದು ಕೂರಬಹುದು, ಎಲ್ಲ ಕೇಳಿಸಿಕೊಳ್ಳಬಹುದು. ಓಟು ಹಾಕುವ ಹಾಗಿಲ್ಲ.